ಚೊಚ್ಚಲ ಹಸು ಮತ್ತು ಅದರ ಕರು – ನಮ್ಮ ಕೊಟ್ಟಿಗೆಯ ಪಾಠ



ಹೋದ ಕಕ್ಕಡ ತಿಂಗಳಲ್ಲಿ ನಮ್ಮ ಮನೆಯ ಕೆಂಪಿ ಮೊದಲನೇ ಸಲ ಕರು ಹಾಕಿತು. ನಮ್ಮ ಶಾಲೆಯಲ್ಲಿ ಎಷ್ಟೋ ಮಕ್ಕಳ ಮನೆಯಲ್ಲಿ ದನ ಇದೆ. ಆದರೆ ಹುಟ್ಟಿದ ಕರುವಿಗೆ ಮೊದಲು ಏನು ಕೊಡಬೇಕು, ಒದೆಯುವ ಚೊಚ್ಚಲ ಹಸುವನ್ನು ಹೇಗೆ ಪಳಗಿಸಬೇಕು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಒಂದು ದೊಡ್ಡ ತಪ್ಪೂ ಮಾಡಿದೆ. ನೀವು ಆ ತಪ್ಪು ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಕೆಂಪಿ ಎಂಥ ಹಸು?

ಕೆಂಪಿ ಮಲೆನಾಡು ಗಿಡ್ಡ. ನನ್ನ ಸೊಂಟದಷ್ಟೇ ಎತ್ತರ. ಈ ಜಾತಿ ಕೊಡಗು, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ ಕಡೆ ಇದೆ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಸಂಸ್ಥೆ 2012ರಲ್ಲಿ ಇದನ್ನು ಪ್ರತ್ಯೇಕ ತಳಿ ಅಂತ ದಾಖಲು ಮಾಡಿತು. ಹಾಲು ದಿನಕ್ಕೆ ಒಂದೆರಡು ಲೀಟರ್ ಅಷ್ಟೇ. ಆದರೆ ಎಂಥ ಮಳೆಗೂ ಜಗ್ಗುವುದಿಲ್ಲ, ಎಂಥ ದಿಣ್ಣೆಯನ್ನೂ ಹತ್ತುತ್ತದೆ, ಸುಲಭದಲ್ಲಿ ಕಾಯಿಲೆ ಬೀಳುವುದಿಲ್ಲ.

ಒಂದೇ ತೊಂದರೆ. ಇವು ಬಾಣೆಯಲ್ಲಿ, ತೋಟದ ಅಂಚಿನಲ್ಲಿ ಬಿಟ್ಟು ಮೇಯುವ ದನ. ಕೆಂಪಿಯ ಕುತ್ತಿಗೆಗೆ ಹಗ್ಗ ಬಿದ್ದದ್ದೇ ಅಪರೂಪ. ಮನುಷ್ಯರು ಹತ್ತಿರ ಹೋದರೆ ಬಾಲ ಎತ್ತಿ ಓಟ! "ಕರು ಹಾಕಿದ ಮೇಲೂ ಹೀಗೇ ಆಡಿದರೆ ದೀಪಾವಳಿಯೊಳಗೆ ಕೊಟ್ಟುಬಿಡೋಣ" ಅಂತ ಅಪ್ಪ ಹೇಳಿಬಿಟ್ಟಿದ್ದರು. ಕೆಂಪಿ ನಾನು ಮೂರನೇ ತರಗತಿಯಲ್ಲಿದ್ದಾಗ ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ್ದು. ನನಗೆ ಅಳುವೇ ಬಂದಿತ್ತು.

ಕಾಣೆಯಾದ ಸಂಜೆ

ಕಕ್ಕಡ ಹಿಡಿದ ಮೂರನೇ ದಿನ. ಧೋ ಅಂತ ಮಳೆ. ಸಂಜೆ ಎಲ್ಲಾ ದನ ಬಂತು, ಕೆಂಪಿ ಬರಲಿಲ್ಲ. ಎರಡು ದಿನದಿಂದ ಕೆಚ್ಚಲು ಬಿಗಿದಿತ್ತು, ಬಾಲದ ಬುಡದ ಎರಡೂ ಕಡೆ ಗುಳಿ ಬಿದ್ದಿತ್ತು. ಕರು ಹಾಕುವ ಹೊತ್ತು ಹತ್ತಿರ ಬಂದಿದ್ದಕ್ಕೆ ಇದೇ ಗುರುತು. ಆಗ ಹಸು ಹಿಂಡು ಬಿಟ್ಟು ಒಂಟಿಯಾಗಿ ಮರೆಗೆ ಹೋಗುತ್ತದೆ. ಕಟ್ಟಿಹಾಕದೆ ನಾವು ತಪ್ಪು ಮಾಡಿದ್ದೆವು. ನಮ್ಮದು ನಾಗರಹೊಳೆ ಕಾಡಿನ ಕಡೆಯ ಊರು. ಈ ಕಡೆ ಹುಲಿ ದನ ಹಿಡಿಯುವುದು ಎಲ್ಲರಿಗೂ ಗೊತ್ತು.

ಅಪ್ಪ, ಚಿಕ್ಕಪ್ಪ, ನಾನು ಟಾರ್ಚ್ ಹಿಡಿದು ಹುಡುಕಿದೆವು. ಬಾಣೆಯ ಹಲಸಿನ ಮರದ ಬುಡದಲ್ಲಿ ಸಿಕ್ಕಿತು. ಕರು ಆಗಲೇ ನೆಲದ ಮೇಲಿತ್ತು, ಒದ್ದೆ ಮುದ್ದೆ. ಕೆಂಪಿ ನೆಕ್ಕುತ್ತಿತ್ತು. ನಾವು ಹೋದ ಕೂಡಲೇ ತಲೆ ತಗ್ಗಿಸಿ ಹಾಯಲು ಬಂತು!

ಅಪ್ಪ ಓಡಿಸಲಿಲ್ಲ. ದೂರ ನಿಂತು ಅದು ನೆಕ್ಕಿ ಮುಗಿಸುವ ತನಕ ಕಾದರು. ತಾಯಿ ನೆಕ್ಕುವುದು ಬರೀ ಮುದ್ದಿಗಲ್ಲ. ಅದರಿಂದ ಕರುವಿನ ಮೈ ಒಣಗುತ್ತದೆ, ರಕ್ತ ಓಡುತ್ತದೆ, ಉಸಿರು ಸರಿಯಾಗುತ್ತದೆ. ತಾಯಿಗೆ ಕರುವಿನ ವಾಸನೆ ಗುರುತಾಗುವುದೂ ಆಗಲೇ. ಆಮೇಲೆ ಅಪ್ಪ ಕರುವನ್ನು ಎತ್ತಿಕೊಂಡು, ಕೆಂಪಿಯ ಮೂಗಿಗೆ ಕಾಣುವಷ್ಟು ತಗ್ಗಿಸಿ ಹಿಡಿದು, ಮೆಲ್ಲಗೆ ನಡೆದರು. ಹಗ್ಗವೂ ಇಲ್ಲ, ಕೋಲೂ ಇಲ್ಲ. ಕೆಂಪಿ ಹಿಂದೆಯೇ ಕೂಗುತ್ತಾ ಕೊಟ್ಟಿಗೆಗೆ ಬಂತು.

ಗಿಣ್ಣು ಮೊದಲು ಯಾರಿಗೆ?

ಗಿಣ್ಣು ಅಂದರೆ ನಮಗೆಲ್ಲ ಬಾಯಲ್ಲಿ ನೀರು. ಆದರೆ ಅದು ಮೊದಲು ಕರುವಿನದು. ಯಾಕೆ ಅಂತ ಪಶು ಡಾಕ್ಟರು ಹೀಗೆ ವಿವರಿಸಿದರು. ಮನುಷ್ಯರ ಮಗುವಿಗೆ ಹೊಟ್ಟೆಯಲ್ಲಿರುವಾಗಲೇ ತಾಯಿಯ ರಕ್ತದಿಂದ ರೋಗ ತಡೆಯುವ ಶಕ್ತಿ ಸ್ವಲ್ಪ ಬಂದಿರುತ್ತದೆ. ಹಸುವಿನ ಕರುವಿಗೆ ಹಾಗೆ ಬರುವುದಿಲ್ಲ. ಅದಕ್ಕೆ ಬೇಕಾದದ್ದೆಲ್ಲ ಗಿಣ್ಣು ಹಾಲಿನಲ್ಲಿದೆ. ಆ ಶಕ್ತಿಯನ್ನು ಹೀರಿಕೊಳ್ಳುವ ಬಾಗಿಲು ಕರುವಿನ ಕರುಳಿನಲ್ಲಿ ಹುಟ್ಟಿದಾಗ ತೆರೆದಿರುತ್ತದೆ. ಗಂಟೆ ಕಳೆದಂತೆ ಮುಚ್ಚುತ್ತಾ ಬಂದು ಸುಮಾರು 24 ಗಂಟೆಗೆ ಪೂರ್ತಿ ಮುಚ್ಚಿಹೋಗುತ್ತದೆ. ಆದ್ದರಿಂದ ಒಂದೆರಡು ಗಂಟೆಯೊಳಗೇ ಕುಡಿಸಬೇಕು. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಪಾಲಿನಷ್ಟು ಗಿಣ್ಣು ಒಳಗೆ ಹೋಗಬೇಕು. ನಮ್ಮ ಕರುವನ್ನು ಕಾಫಿ ತೂಗುವ ತಕ್ಕಡಿಯಲ್ಲಿ ತೂಗಿದೆವು, 9 ಕೆ.ಜಿ. ಹಾಗಾದರೆ ಲೆಕ್ಕ ನೀವೇ ಮಾಡಿ, ಸುಮಾರು 900 ಮಿಲಿ.

ಕುದುರೆಯಲ್ಲೂ ಹೀಗೇ ಅಂತೆ. ಕುಣಿಗಲ್ ಕುದುರೆ ಸಾಕಣೆಗೆ ಹೆಸರಾದ ಊರು ಅಂತ ಪಾಠದಲ್ಲಿ ಕೇಳಿದ್ದೇವಲ್ಲ. ಕುದುರೆ ಮರಿ ಹುಟ್ಟಿದ ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು. ಇಲ್ಲದಿದ್ದರೆ ಡಾಕ್ಟರನ್ನು ಕರೆಯಬೇಕು.

ನಮ್ಮ ಪಕ್ಕದ ಮನೆಯವರು "ಮಾಸು ಬೀಳುವ ತನಕ ಕರುವಿಗೆ ಹಾಲು ಬಿಡಬೇಡಿ" ಅಂದರು. ಇದು ತುಂಬಾ ಜನ ಹೇಳುವ ಮಾತು. ಆದರೆ ತಪ್ಪು. ಕರು ಚೀಪಿದರೆ ಗರ್ಭಕೋಶ ಕುಗ್ಗುತ್ತದೆ, ಮಾಸು ಬೀಳಲು ಅದೇ ಸಹಾಯ. ಸಾಮಾನ್ಯವಾಗಿ 12 ಗಂಟೆಯೊಳಗೆ ಬೀಳುತ್ತದೆ. ಬೀಳದಿದ್ದರೆ ಡಾಕ್ಟರಿಗೆ ಹೇಳಬೇಕು, ಕೈಹಾಕಿ ಎಳೆಯಬಾರದು. ಬರಿಗೈಯಲ್ಲಿ ಮುಟ್ಟಲೂ ಬಾರದು. ಬ್ರೂಸೆಲ್ಲಾ ಅನ್ನುವ ರೋಗ ಮಾಸಿನಿಂದ ಮನುಷ್ಯರಿಗೂ ಬರಬಹುದು.

ಕುಡಿಸಬೇಕು, ಸರಿ. ಆದರೆ ಕೆಂಪಿ ಬಿಡಬೇಕಲ್ಲ! ಕರು ಕೆಚ್ಚಲಿಗೆ ಬಾಯಿ ಹಾಕಿದರೆ ಕೆಂಪಿಗೆ ಕಚಗುಳಿ, ನೋವು. ಕಾಲು ಜಾಡಿಸಿತು. ಕರು ಎರಡು ಸಲ ಉರುಳಿ ಬಿತ್ತು. ಮೂರನೇ ಸಲ ಬಿದ್ದದ್ದು ಏಳಲೇ ಇಲ್ಲ, ಮೈ ತಣ್ಣಗಾಗುತ್ತಿತ್ತು. ಆಗ ಅಜ್ಜಿ ಬಂದರು. ಒಣ ಗೋಣಿಯಿಂದ ಕರುವಿನ ಮೈ ತಿಕ್ಕಿ, ಅದರ ಬೆನ್ನಿಗೆ ಉಪ್ಪು ಸವರಿ ಕೆಂಪಿಯ ಬಾಯಿಯ ಹತ್ತಿರ ನಿಲ್ಲಿಸಿದರು. ಕೆಂಪಿ ಉಪ್ಪು ನೆಕ್ಕುವುದರಲ್ಲಿ ಮೈಮರೆಯಿತು. ಆಗ ಅಪ್ಪ ಕೆಂಪಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಪಕ್ಕದಿಂದ ಗಿಣ್ಣು ಕರೆದರು. ಕರುವಿಗೆ ಚೀಪುವ ಶಕ್ತಿ ಇತ್ತು. ಬಾಟಲಿಗೆ ನಿಪ್ಪಲ್ ಹಾಕಿ, ಕರುವಿನ ತಲೆಯನ್ನು ನಿಂತು ಕುಡಿಯುವ ಹಾಗೆ ಇಟ್ಟು ಸ್ವಲ್ಪ ಸ್ವಲ್ಪವೇ ಕುಡಿಸಿದೆವು. ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ, ಜೋಪಾನ! ಅರ್ಧ ಗಂಟೆಯಲ್ಲಿ ಕರು ಕಿವಿ ಆಡಿಸಿತು. ಅಷ್ಟು ಸಂತೋಷ ನನಗೆ ಪರೀಕ್ಷೆಯಲ್ಲಿ ನಂಬರು ಬಂದಾಗಲೂ ಆಗಿರಲಿಲ್ಲ.

ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿದೆವು. ಹಸಿ ಹೊಕ್ಕುಳು ಅಂದರೆ ರೋಗಕ್ಕೆ ತೆರೆದ ದಾರಿ. ಮಲಗಲು ದಪ್ಪಕ್ಕೆ ಒಣ ಹುಲ್ಲು ಹಾಕಿದೆವು. ನಮ್ಮ ಮಳೆಗಾಲದಲ್ಲಿ ಹಸಿವಿನಷ್ಟೇ ತೇವವೂ ಕರುವಿಗೆ ಶತ್ರು.

ನಾನು ಮಾಡಿದ ತಪ್ಪು

ಮೂರನೇ ದಿನ ಬೆಳಿಗ್ಗೆ ಅಪ್ಪ ಇರಲಿಲ್ಲ. ನಾನೇ ಕರುವನ್ನು ಕುಡಿಸಲು ಹೋದೆ. ಕೆಂಪಿ ಒದ್ದಿತು, ಕರು ನನ್ನ ಮೇಲೆ ಬಿತ್ತು. ಸಿಟ್ಟು ಬಂತು. ಅಲ್ಲೇ ಇದ್ದ ಕಾಫಿ ಕೋಲಿನಿಂದ ಎರಡು ಬಾರಿಸಿದೆ, ಜೋರಾಗಿ ಕಿರುಚಿದೆ.

ಅದರ ಫಲ ಏನಾಯಿತು ಗೊತ್ತಾ? ಮುಂದಿನ ಎರಡು ದಿನ ನನ್ನನ್ನು ಕಂಡರೆ ಕೆಂಪಿ ನಡುಗಿ ಸಗಣಿ ಹಾಕುತ್ತಿತ್ತು. ಕೆಚ್ಚಲು ತುಂಬಿದ್ದರೂ ಹಾಲು ಇಳಿಯಲಿಲ್ಲ. ಕರು ಚೀಪಿ ಚೀಪಿ ಸೋತು ಅಂಬಾ ಅನ್ನುತ್ತಿತ್ತು. ಹೊಡೆತ ತಿಂದದ್ದು ತಾಯಿ, ಉಪವಾಸ ಬಿದ್ದದ್ದು ಕರು.

ಯಾಕೆ ಹೀಗೆ ಅಂತ ವಿಜ್ಞಾನ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದು: ಕರು ಚೀಪಿದಾಗ ಹಸುವಿನ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಬರುತ್ತದೆ. ಅದು ಕೆಚ್ಚಲಿನ ಒಳಗಿನ ಹಾಲನ್ನು ತೊಟ್ಟಿಗೆ ಇಳಿಸುತ್ತದೆ. ಅಜ್ಜಿ ಇದಕ್ಕೆ 'ತೊರೆ ಬಿಡುವುದು' ಅನ್ನುತ್ತಾರೆ. ಹೆದರಿದಾಗ ಅಡ್ರಿನಲಿನ್ ಎಂಬ ಇನ್ನೊಂದು ರಸ ಬಂದು ಅದನ್ನು ತಡೆಯುತ್ತದೆ. 1941ರಲ್ಲಿ ಅಮೇರಿಕದ ಈಲಿ ಮತ್ತು ಪೀಟರ್ಸನ್ ಎಂಬ ವಿಜ್ಞಾನಿಗಳು ಹಸುವಿನ ಹತ್ತಿರ ಕಾಗದದ ಚೀಲ ಊದಿ ಒಡೆದು ಹೆದರಿಸಿ ನೋಡಿದರು. ಹಾಲು ಸರಿಯಾಗಿ ಇಳಿಯಲಿಲ್ಲ. ಅಡ್ರಿನಲಿನ್ ಚುಚ್ಚಿದಾಗಲೂ ಹಾಗೇ ಆಯಿತು. ಅಂದರೆ ಕೆಂಪಿ ಹಟದಿಂದ ಹಾಲು ಬಚ್ಚಿಟ್ಟುಕೊಂಡಿರಲಿಲ್ಲ. ಹೆದರಿಕೆಯೇ ಹಾಲನ್ನು ಕಟ್ಟಿಹಾಕಿತ್ತು.

ಪಳಗಿಸಿದ ಬಗೆ

ಮತ್ತೆ ಒಂದನೇ ಪಾಠದಿಂದ ಶುರು. ಆ ಎರಡು ದಿನ ಅಪ್ಪನೇ ಕರುವನ್ನು ಕುಡಿಸಿದರು. ನಾನು ಮಾಡಿದ್ದು ಇಷ್ಟು:

1. ಮೊದಲು ಸುಮ್ಮನೆ ಕೂತೆ. ಕೊಟ್ಟಿಗೆಯ ಬಾಗಿಲ ಹತ್ತಿರ ಪುಸ್ತಕ ಹಿಡಿದು ಓದಿಕೊಂಡೆ. ಕೆಂಪಿಯನ್ನು ದಿಟ್ಟಿಸಿ ನೋಡಲಿಲ್ಲ. ಎರಡನೇ ದಿನ ಅದು ನನ್ನ ಎದುರೇ ಮೆಲುಕು ಹಾಕಿತು. ಮೆಲುಕು ಹಾಕಿದರೆ ಹೆದರಿಕೆ ಇಳಿದಿದೆ ಅಂತ ಅರ್ಥ.

2. ಹಿಂದಿನಿಂದ ಹೋಗಲಿಲ್ಲ. ಹಸುವಿನ ಕಣ್ಣು ತಲೆಯ ಪಕ್ಕದಲ್ಲಿದೆ. ಸುತ್ತಲೂ ಕಾಣುತ್ತದೆ, ಬೆನ್ನ ಹಿಂದೆ ಮಾತ್ರ ಕಾಣದು. ಭುಜದ ಕಡೆಯಿಂದ, ಹೆಸರು ಹೇಳುತ್ತಾ, ಮೆಲ್ಲಗೆ ಹೋಗಬೇಕು.

3. ಅದು ಕಿವಿ ನಿಮಿರಿಸಿ ತಲೆ ಎತ್ತಿದ ಕಡೆ ನಾನು ನಿಲ್ಲುತ್ತಿದ್ದೆ, ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಹೆದರಿದಾಗ ನಾವು ದೂರ ಹೋಗುತ್ತೇವೆ ಅಂತ ಗೊತ್ತಾದರೆ ಅದಕ್ಕೆ ನಂಬಿಕೆ ಬರುತ್ತದೆ.

4. ಮೊದಲು ಕೈಯಲ್ಲಿ ತೌಡು, ಆಮೇಲೆ ಕುತ್ತಿಗೆಯ ಕೆಳಗೆ ತುರಿಸುವುದು. ದನಗಳು ಒಂದನ್ನೊಂದು ನೆಕ್ಕಿಕೊಳ್ಳುವುದು ಅಲ್ಲೇ, ನೀವೂ ನೋಡಿರಬಹುದು. ಅಲ್ಲಿಂದ ಭುಜ, ಹೊಟ್ಟೆ, ಕೊನೆಗೆ ಕೆಚ್ಚಲು. ಒಂದು ದಿನಕ್ಕೆ ಒಂದು ಗೇಣು ಮುಂದೆ ಹೋದರೆ ಸಾಕು.

5. ಕರೆಯುವಾಗ ಕರುವನ್ನು ಕಣ್ಣೆದುರೇ ಇಟ್ಟೆವು. ನಾಟಿ ಹಸು ಕರು ಕಾಣದಿದ್ದರೆ ತೊರೆ ಬಿಡುವುದು ಕಷ್ಟ.

6. ದಿನವೂ ಅದೇ ಹೊತ್ತು, ಅದೇ ಜನ, ಅದೇ ಮಾತು.

ಕಕ್ಕಡ 18ರಂದು ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ. ಅಂದು ಬೆಳಿಗ್ಗೆ ಕೆಂಪಿ ಕಾಲಿಗೆ ಹಗ್ಗವಿಲ್ಲದೆ ನಿಂತಿತು. ಕರು ಒಂದು ಕಡೆ ಕುಡಿಯಿತು, ಇನ್ನೊಂದು ಕಡೆ ನಾನು ಕರೆದೆ. ಸಿಕ್ಕಿದ್ದು ಒಂದು ಲೋಟ ಹಾಲು. ಅಪ್ಪ ಬಾಗಿಲಲ್ಲಿ ನಿಂತು ನೋಡಿದರು, ಏನೂ ಹೇಳಲಿಲ್ಲ. ದೀಪಾವಳಿ ಬಂತು, ಹೋಯಿತು. ಮಾರುವ ಮಾತು ಮತ್ತೆ ಬರಲಿಲ್ಲ.

ಕರುವಿನ ಮುಂದಿನ ಆರೈಕೆ

ಎರಡು ವಾರಕ್ಕೆ ಡಾಕ್ಟರು ಜಂತುಹುಳುವಿನ ಔಷಧಿ ಕೊಟ್ಟರು. ಆ ಹೊತ್ತಿಗೆ ಕರು ಎಳೆ ಹುಲ್ಲು ಕಚ್ಚಲು ಕಲಿತಿತ್ತು. ಹುಲ್ಲು ತಿಂದಷ್ಟೂ ಅದರ ದೊಡ್ಡ ಹೊಟ್ಟೆ ಬೆಳೆಯುತ್ತದೆ. ಆದರೆ ಹಾಲು ಬಿಡಿಸಬಾರದು. ಮೊದಲ ತಿಂಗಳು ನಾವು ಕರೆದದ್ದು ಬಹಳ ಕಡಿಮೆ. ಹೆಣ್ಣು ಕರುವಿಗೆ 4 ರಿಂದ 8 ತಿಂಗಳ ಒಳಗೆ ಒಂದು ಸಲ ಬ್ರೂಸೆಲ್ಲಾ ಲಸಿಕೆ ಹಾಕಿಸಬೇಕು. ಕಾಲುಬಾಯಿ ರೋಗದ ಲಸಿಕೆಯನ್ನೂ ತಪ್ಪಿಸಬಾರದು. ಕರು ಭೇದಿ ಮಾಡಿದರೆ, ಹಾಲು ಕುಡಿಯದೆ ಮಲಗಿದರೆ ನಾಳೆ ನೋಡೋಣ ಅನ್ನಬೇಡಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಆಸ್ಪತ್ರೆಯ ಗಾಡಿಯವರು ಸಿಗುತ್ತಾರೆ.

ಮತ್ತೊಂದು ಮಾತು, ಚಿಕ್ಕ ತರಗತಿಯವರಿಗೆ. ಹೊಸದಾಗಿ ಈದ ಹಸುವಿನ ಹತ್ತಿರ ಒಬ್ಬರೇ ಹೋಗಬೇಡಿ. ತಾಯಿಗೂ ಕರುವಿಗೂ ನಡುವೆ ನಿಲ್ಲಬೇಡಿ. ಎಷ್ಟು ಸಾಧುವಾದರೂ ತಾಯಿ ತಾಯಿಯೇ.

ಕರುವಿಗೆ ನಾವು ಚುಕ್ಕಿ ಅಂತ ಹೆಸರಿಟ್ಟಿದ್ದೇವೆ. ಹುಟ್ಟಿದ ದಿನದಿಂದ ಕೈಯಲ್ಲೇ ಬೆಳೆದದ್ದರಿಂದ ಅದಕ್ಕೆ ಮನುಷ್ಯರ ಹೆದರಿಕೆಯೇ ಇಲ್ಲ. ನಾಳೆ ಚುಕ್ಕಿ ಈದಾಗ ಯಾರೂ ಒದೆ ತಿನ್ನಬೇಕಾಗಿಲ್ಲ ಅಂತ ಅಜ್ಜಿ ನಗುತ್ತಾರೆ.

ಕೆಂಪಿಯ ಬೆನ್ನಿಗೆ ಬಿದ್ದ ಎರಡು ಏಟು ಮಾತ್ರ ನನಗೆ ಮರೆತಿಲ್ಲ. ನಿಮ್ಮ ಮನೆಯಲ್ಲೂ ಚೊಚ್ಚಲ ಹಸು ಇದ್ದರೆ, ಒದೆ ಬಿದ್ದಾಗ ಕೋಲು ಹುಡುಕುವ ಮೊದಲು ಒಂದು ನಿಮಿಷ ನಿಂತು ಅದರ ಕಣ್ಣು ನೋಡಿ. ಅಲ್ಲಿರುವುದು ಸಿಟ್ಟಲ್ಲ, ಹೆದರಿಕೆ.

– ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ