ಅಪ್ಪನ ಉದ್ರಿ ವಹಿ, ನನ್ನ ಕ್ರೆಡಿಟ್ ಕಾರ್ಡ್

‘ಇನ್ನು 14,000 ರೂಪಾಯಿ ಖರ್ಚು ಮಾಡಿ, 2,000 ರೂಪಾಯಿಯ ವೋಚರ್ ಗೆಲ್ಲಿ!’

ಎರಡು ವರ್ಷದ ಹಿಂದೆ ಇಂಥದ್ದೊಂದು ಮೆಸೇಜ್ ಬಂದಾಗ ನಾನು ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಹೊರಟಿದ್ದೆ. ರೈಲು ವಿಜಯಪುರ ಮುಟ್ಟುವುದರೊಳಗೆ 14,000 ರೂಪಾಯಿಯ ಸ್ಮಾರ್ಟ್‌ವಾಚ್ ಆರ್ಡರ್ ಆಗಿತ್ತು. ಕೈಯಲ್ಲಿ ಆಗಲೇ ಒಂದು ವಾಚ್ ಇತ್ತು ಬಿಡಿ. ಆದರೂ 2,000 ರೂಪಾಯಿ ಉಳಿಸಿದೆ ಅನ್ನೋ ಖುಷಿ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಮನೆ ವಿಜಯಪುರದ ಇಬ್ರಾಹಿಂಪುರದಲ್ಲಿ. ಅಪ್ಪನದು ಸಣ್ಣ ಕಿರಾಣಿ ಅಂಗಡಿ. ಕ್ರೆಡಿಟ್ ಕಾರ್ಡ್ ವಿಷಯದಲ್ಲಿ ನನ್ನಷ್ಟು ಶಾಣ್ಯಾ ಯಾರೂ ಇಲ್ಲ ಅಂತ ನಾನು ನಂಬಿದ್ದ ಕಾಲ ಅದು. ಯಾವ ಕಾರ್ಡಿಗೆ ಎಲ್ಲಿ ಎಷ್ಟು ಪಾಯಿಂಟ್ ಅನ್ನೋದಕ್ಕೆ ಎಕ್ಸೆಲ್ ಶೀಟ್ ಇಟ್ಟಿದ್ದೆ. ಆದರೆ ತುರ್ತಿಗೆ ಅಂತ ತೆಗೆದಿಟ್ಟ ಹಣ? ಆ ಕಾಲಮ್ಮೇ ಶೀಟಿನಲ್ಲಿ ಇರಲಿಲ್ಲ.

ಅವ್ವನ ಆಪರೇಷನ್

ಮುಂದೆ ಮೂರೇ ತಿಂಗಳಿಗೆ ಅವ್ವನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯ್ತು. ಬಿಲ್ 80,000 ರೂಪಾಯಿ. ಕಂಪನಿಯ ವಿಮೆಯಲ್ಲಿ ತಂದೆ-ತಾಯಿಯನ್ನು ಸೇರಿಸಿರಲಿಲ್ಲ. ಸೇರಿಸಿದರೆ ಸಂಬಳದಲ್ಲಿ ಒಂದಿಷ್ಟು ಕಡಿತ ಆಗ್ತದ ಅಂತ ಬಿಟ್ಟಿದ್ದೆ. ಕಾರ್ಡ್ ಉಜ್ಜಿದೆ. ಅವ್ವ ಆರಾಮಾಗಿ ಮನೆಗೆ ಬಂದಳು, ಅದು ದೊಡ್ಡದು. ಆದರೆ ಬಿಲ್ ಕಟ್ಟುವ ದಿನ ಖಾತೆಯಲ್ಲಿ ಅಷ್ಟು ಹಣ ಇರಲಿಲ್ಲ. ಆಪ್‌ನಲ್ಲಿ ‘ಮಿನಿಮಮ್ ಅಮೌಂಟ್ ಡ್ಯೂ’ ಅಂತ ಪುಟ್ಟದೊಂದು ಮೊತ್ತ ಕಂಡಿತು. ಅದನ್ನೇ ಕಟ್ಟಿ ನಿಟ್ಟುಸಿರು ಬಿಟ್ಟೆ.

ಆ ನಿಟ್ಟುಸಿರಿನ ಬೆಲೆ ನೋಡಿ. ತಿಂಗಳಿಗೆ ಶೇ 3.5 ಬಡ್ಡಿ ಅಂದರೆ 80,000ಕ್ಕೆ 2,800 ರೂಪಾಯಿ. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಅಂದರೆ 504. ಒಟ್ಟು 3,304. ಈಗ ಬಾಕಿ 83,304. ಅದರ ಶೇ 5ರಷ್ಟು ಕನಿಷ್ಠ ಮೊತ್ತ 4,165 ಕಟ್ಟಿದರೆ ಅಸಲಿನಲ್ಲಿ ಕಡಿಮೆಯಾಗುವುದು ಬರೀ 861 ರೂಪಾಯಿ! ಹೀಗೆ ಮೂರು ತಿಂಗಳಿಗೆ ಬಡ್ಡಿ, ತೆರಿಗೆ ಸೇರಿ ಹೋಗಿದ್ದು 9,800 ರೂಪಾಯಿ. ಬಾಕಿ ಇನ್ನೂ 77,000 ಮೇಲೆ.

ಇಷ್ಟೇ ಅಲ್ಲ. ಹಳೆ ಬಾಕಿ ಉಳಿಸಿಕೊಂಡವರಿಗೆ ಹೊಸ ಖರ್ಚಿನ ಮೇಲೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಹಾಲಿನ ಪ್ಯಾಕೆಟ್ ಕೊಂಡರೂ ಅವತ್ತಿನಿಂದಲೇ ಬಡ್ಡಿ ಶುರು.

ಆಗ ಮೊದಲ ಸಲ ಪಾಯಿಂಟ್‌ಗಳನ್ನು ರೂಪಾಯಿಗೆ ಇಳಿಸಿ ನೋಡಿದೆ. ಹಿಂದಿನ ವರ್ಷ ಕಾರ್ಡಿನಲ್ಲಿ ಖರ್ಚು ಮಾಡಿದ್ದು 3.2 ಲಕ್ಷ. ಪೆಟ್ರೋಲ್, ವಿಮೆಗೆ ಪಾಯಿಂಟ್ ಇಲ್ಲ. ಅವನ್ನು ಬಿಟ್ಟರೆ 2.5 ಲಕ್ಷ. 100 ರೂಪಾಯಿಗೆ 4 ಪಾಯಿಂಟ್‌ನಂತೆ 10,000 ಪಾಯಿಂಟ್. ಒಂದು ಪಾಯಿಂಟಿಗೆ 25 ಪೈಸೆ. ಕೈಗೆ ಬಂದದ್ದು 2,500 ರೂಪಾಯಿ, ಜೊತೆಗೆ ಆ 2,000ದ ವೋಚರ್. ಇಡೀ ವರ್ಷದ ಗಳಿಕೆ 4,500. ಮೂರೇ ತಿಂಗಳಲ್ಲಿ ಅದರ ಎರಡು ಪಟ್ಟು ವಾಪಸ್ ಕೊಟ್ಟಿದ್ದೆ.

‘ಆ ರೊಕ್ಕ ಎಲ್ಲಿಂದ ಬರ್ತದ?’

ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಮುಂದೆ ಎಲ್ಲಾ ಹೇಳಿದೆ. ಬೈತಾರ ಅಂದ್ಕೊಂಡಿದ್ದೆ. ಅವರು ಗಲ್ಲಾಪೆಟ್ಟಿಗೆ ಬಾಜೂಕ ಇದ್ದ ಉದ್ರಿ ವಹಿ ತೆಗೆದು ಕೇಳಿದರು: “ತಮ್ಮಾ, ಬ್ಯಾಂಕಿನವರು ಪಾಯಿಂಟ್ ಕೊಡ್ತಾರಂದಿ. ಆ ರೊಕ್ಕ ಎಲ್ಲಿಂದ ಬರ್ತದ?”

ನಾನು ವಿವರಿಸಿದೆ. ನಾವು ಕಾರ್ಡ್ ಉಜ್ಜಿದಾಗ ಅಂಗಡಿಯವರು ಬಿಲ್ಲಿನ ಸುಮಾರು ಶೇ 2ರಷ್ಟು ಶುಲ್ಕ ಕೊಡ್ತಾರೆ. ಅದರಲ್ಲೊಂದು ಪಾಲು ನಮಗೆ ಪಾಯಿಂಟ್ ಆಗಿ ಬರ್ತದ. ಉಳಿದಂತೆ ಬ್ಯಾಂಕಿಗೆ ವಾರ್ಷಿಕ ಶುಲ್ಕ, ಲೇಟ್ ಫೀ, ಬಾಕಿ ಉಳಿಸಿಕೊಂಡವರ ಬಡ್ಡಿ.

ಅಪ್ಪ ನಕ್ಕರು. “ಅಂದ್ರ, ಹೊತ್ತಿಗೆ ಸರಿ ಕಟ್ಟೋರಿಗೆ ನಿನ್ನಂಥವ್ರು ಚಾ ಕುಡಸಾಕತ್ತೀರಿ. ನಾ ಉದ್ರಿ ಕೊಡೋದು ಮಂದಿ ನನ್ನ ಅಂಗಡಿಗೇ ಬರಲಿ ಅಂತ. ಬ್ಯಾಂಕಿನವರದೂ ಅದ ಲೆಕ್ಕ. ಆದ್ರ ನಾ ಬಡ್ಡಿ ಹಾಕಂಗಿಲ್ಲ, ಅವರು ಹಾಕ್ತಾರ.”

ಕಾಲೇಜಿನಲ್ಲಿ ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಕಾರ್ಡ್ ಕೈಯಲ್ಲಿದ್ದರೆ ನಾವು ಹೆಚ್ಚು ಖರ್ಚು ಮಾಡ್ತೀವಿ ಅನ್ನೋದು ಬರೀ ಅಪ್ಪನ ಅನುಮಾನ ಅಲ್ಲ. ಅಮೆರಿಕದ ಎಂಐಟಿಯ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಾಸ್ಕೆಟ್‌ಬಾಲ್ ಟಿಕೆಟ್ ಹರಾಜಿಗಿಟ್ಟರು. ನಗದು ಕೊಡಬೇಕಾದವರಿಗಿಂತ ಕ್ರೆಡಿಟ್ ಕಾರ್ಡಿನವರು ಸುಮಾರು ಎರಡು ಪಟ್ಟು ಬೆಲೆ ಕೂಗಿದರು. ನನ್ನ ಸ್ಮಾರ್ಟ್‌ವಾಚ್ ನೆನಪಾಯ್ತು.

ಬಡ್ಡಿಗೆ ಕಡಿವಾಣ ಇದೆಯಾ ಅಂತ ಕೇಳಬಹುದು. ಶೇ 30ಕ್ಕಿಂತ ಹೆಚ್ಚು ವಾರ್ಷಿಕ ಬಡ್ಡಿ ಸರಿಯಲ್ಲ ಅಂತ ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ಆ ಆದೇಶ ರದ್ದು ಮಾಡಿತು. ತಿಂಗಳಿಗೆ 3.5 ಅನ್ನೋದು ಸಣ್ಣದಾಗಿ ಕಾಣ್ತದ. ವರ್ಷಕ್ಕೆ ಅದು 42!

ಈಗ ನಾನು ಪಾಲಿಸೋದು

ಕಾರ್ಡ್ ಕತ್ತರಿಸಿ ಎಸೆದಿಲ್ಲ. ಶಿಸ್ತಿದ್ದರೆ ಅದು ಒಳ್ಳೆಯ ಸಾಧನವೇ. ಆದರೆ ಕೆಲವು ನಿಯಮ ಹಾಕಿಕೊಂಡಿದ್ದೇನೆ.

ಪೂರ್ತಿ ಬಾಕಿಗೆ ಆಟೋಪೇ: ‘ಮಿನಿಮಮ್’ ಅಲ್ಲ, ‘ಟೋಟಲ್ ಅಮೌಂಟ್ ಡ್ಯೂ’ ಆಯ್ಕೆ ಮಾಡಿ. ಪೂರ್ತಿ ಕಟ್ಟಲು ಆಗದೇ ಇದ್ದರೆ ಬಾಕಿಯನ್ನು ಇಎಂಐ ಮಾಡಿಸಿ, ಇಲ್ಲವೇ ಕಡಿಮೆ ಬಡ್ಡಿಯ ಸಾಲ ತೆಗೆದು ತೀರಿಸಿ. ನಾನು ಮಾಡಿದ ಹಾಗೆ ಮೂರು ತಿಂಗಳು ಎಳೆಯಬೇಡಿ.

ಮೊದಲು ಬಜೆಟ್, ಆಮೇಲೆ ಕಾರ್ಡ್: ಖಾತೆಯಲ್ಲಿ ಹಣ ಇದ್ದರೆ ಮಾತ್ರ ಉಜ್ಜುವುದು. ರೇಷನ್, ಕರೆಂಟ್ ಬಿಲ್, ರೈಲು ಟಿಕೆಟ್ ಹೀಗೆ ಹೇಗಿದ್ದರೂ ಮಾಡುವ ಖರ್ಚಿಗೆ ಬಂದ ಪಾಯಿಂಟ್ ಮಾತ್ರ ಲಾಭ. ಪಾಯಿಂಟ್‌ಗಾಗಿ ಮಾಡಿದ ಖರ್ಚು ಖರ್ಚೇ.

ದೊಡ್ಡ ಖರೀದಿ ಬಿಲ್ ಆದ ಮರುದಿನ: ಬಿಲ್ಲಿಂಗ್ ದಿನ ದಾಟಿದ ಕೂಡಲೇ ಕೊಂಡರೆ ಬಡ್ಡಿ ಇಲ್ಲದೆ 45-50 ದಿನ ಸಿಗ್ತದ. ಬಿಲ್ಲಿಂಗ್ ದಿನವನ್ನು ಸಂಬಳಕ್ಕೆ ಹೊಂದುವಂತೆ ಬದಲಿಸಿಕೊಳ್ಳಲು ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅವಕಾಶವಿದೆ.

‘ನೋ ಕಾಸ್ಟ್’ ಇಎಂಐ ಓದಿ ನೋಡಿ: ಪ್ರೊಸೆಸಿಂಗ್ ಫೀ, ಬಡ್ಡಿ ಭಾಗದ ಮೇಲಿನ ಜಿಎಸ್‌ಟಿ ಬೀಳ್ತದ. ಎಷ್ಟೋ ಕಾರ್ಡ್‌ಗಳಲ್ಲಿ ಇಎಂಐಗೆ ಪಾಯಿಂಟೂ ಇಲ್ಲ. ಇನ್ನು ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆದರೆ ಮೊದಲ ದಿನದಿಂದಲೇ ಬಡ್ಡಿ.

ಯುಪಿಐ ಮೇಲೆ ಕಣ್ಣಿಡಿ: 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ಚಹಾದಂಗಡಿಯ ಸ್ಕ್ಯಾನರ್‌ನಲ್ಲೂ ಪಾಯಿಂಟ್ ಬರಬಹುದು. ಆದರೆ ಹತ್ತು-ಇಪ್ಪತ್ತರ ಚಹಾ, ಮಿರ್ಚಿ ಎಲ್ಲವೂ ಈಗ ಉದ್ರಿ ಅನ್ನೋದು ಮರೀಬೇಡಿ.

ಬೇಡವಾದ ಕಾರ್ಡ್ ಮುಚ್ಚಿಸಿ: ಬಾಕಿ ತೀರಿಸಿ ಅರ್ಜಿ ಕೊಟ್ಟ ಮೇಲೆ 7 ಕೆಲಸದ ದಿನದೊಳಗೆ ಕಾರ್ಡ್ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ದಂಡವನ್ನು ಬ್ಯಾಂಕೇ ನಿಮಗೆ ಕೊಡಬೇಕು. ನನ್ನ ಐದು ಕಾರ್ಡ್ ಈಗ ಎರಡಾಗಿವೆ.

ಪಿಗ್ಮಿ ಪಾಠ

ಆ 77,000 ಹೇಗೆ ತೀರಿತು ಅಂತ ಹೇಳಲೇ ಇಲ್ಲ ಅಲ್ವಾ?

ಅಪ್ಪ ಅಂಗಡಿಗೆ ಹೊಸ ಫ್ರಿಜ್ ತರಬೇಕಂತ ದಿನಾ 100 ರೂಪಾಯಿ ಪಿಗ್ಮಿ ಕಟ್ಟುತ್ತಿದ್ದರು. ಮಣಿಪಾಲದ ಟಿ.ಎಂ.ಎ. ಪೈ ಅವರ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ, ಮನೆ ಬಾಗಿಲಿಗೇ ಬಂದು ಚಿಲ್ಲರೆ ಉಳಿತಾಯ ಸಂಗ್ರಹಿಸುವ ಪದ್ಧತಿ ಅದು. ‘ಈ ಕಾಲದಾಗ ಪಿಗ್ಮಿ ಏನಪಾ’ ಅಂತ ನಾನೇ ಎಷ್ಟೋ ಸಲ ನಕ್ಕಿದ್ದೆ. ಆ ಖಾತೆಯಲ್ಲಿ 60,000 ಆಗಿತ್ತು. ಮರುದಿನವೇ ಮುರಿಸಿ ನನ್ನ ಕೈಗೆ ಕೊಟ್ಟರು. ಉಳಿದದ್ದನ್ನು ನಾನು ಸಂಬಳದಿಂದ ಹಾಕಿ ಬಾಕಿ ಪೂರ್ತಿ ಮುಗಿಸಿದೆ.

ನನ್ನ ಹೆಸರನ್ನು ಅಪ್ಪ ಉದ್ರಿ ವಹಿಯಲ್ಲಿ ಬರೆದರು. ನಗಲಿಕ್ಕೆ ಅಂತ ಬರೆದದ್ದಲ್ಲ. ತಿಂಗಳಿಗೆ 5,000ದಂತೆ ವರ್ಷದಲ್ಲಿ ತೀರಿಸಿದೆ. ಫ್ರಿಜ್ ಅಂಗಡಿಗೆ ಒಂದು ಬೇಸಿಗೆ ತಡವಾಗಿ ಬಂತು.

ಈಗ ಸಂಬಳ ಬಂದ ದಿನವೇ 6,000 ರೂಪಾಯಿ ತಾನಾಗಿ ಬೇರೆ ಖಾತೆಗೆ ಹೋಗ್ತದ. ಆ ಖಾತೆಗೆ ‘ಪಿಗ್ಮಿ’ ಅಂತಲೇ ಹೆಸರಿಟ್ಟಿದ್ದೇನೆ. ತಂದೆ-ತಾಯಿಗೆ ಆರೋಗ್ಯ ವಿಮೆಯೂ ಆಗಿದೆ. ಹೋದ ವರ್ಷದ ಪಾಯಿಂಟ್‌ಗಳಿಂದ 3,100 ರೂಪಾಯಿ ಬಂತು, ಬಡ್ಡಿ ಅಂತ ಒಂದು ರೂಪಾಯಿಯೂ ಹೋಗಲಿಲ್ಲ. ಅದರಲ್ಲಿ ಅವ್ವನಿಗೆ ಇಳಕಲ್ ಸೀರೆ ತಂದೆ.

“ಇದೂ ಉದ್ರಿ ಏನಪಾ?” ಅಂತ ಕೇಳಿದಳು.

“ಇಲ್ಲವ್ವಾ, ರೋಖ” ಅಂದೆ.

ಇವತ್ತು ರಾತ್ರಿ ಐದು ನಿಮಿಷ ಬಿಡುವು ಮಾಡಿಕೊಂಡು ನಿಮ್ಮ ಕಾರ್ಡಿನ ಸ್ಟೇಟ್‌ಮೆಂಟ್ ತೆಗೆಯಿರಿ. ಪಾಯಿಂಟ್ ಎಷ್ಟಿದೆ ಅನ್ನೋದಕ್ಕಿಂತ ಮೊದಲು, ಬಡ್ಡಿ ಮತ್ತು ಶುಲ್ಕದ ಸಾಲಿನಲ್ಲಿ ಎಷ್ಟಿದೆ ಅಂತ ನೋಡಿ. ಅಲ್ಲಿ ಸೊನ್ನೆ ಇದ್ದರೆ ಮಾತ್ರ ನಿಮ್ಮ ಪಾಯಿಂಟ್ ನಿಮ್ಮದು.