ಒಬ್ಬನೇ ಸಪ್ಲೈಯರ್, ಹತ್ತಾರು ಟೇಬಲ್: ನೋಡ್.ಜೆಎಸ್ ಕೆಲಸ ಮಾಡುವುದು ಹೇಗೆ?

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯ ಇ-ಹರಾಜಿನಲ್ಲಿ ಹಲವು ರೀಲರುಗಳು ಒಂದೇ ಹೊತ್ತಿಗೆ ಮೊಬೈಲಿನಿಂದ ಬಿಡ್ ಹಾಕುತ್ತಾರೆ. ಹೆಚ್ಚಿನ ಬೆಲೆಯ ಬಿಡ್ ತಡವಾಗಿ ತಲುಪಿದರೆ ನಷ್ಟ ಗೂಡು ಬೆಳೆದ ರೈತನಿಗೆ. ಹಾಗಾದರೆ ಒಂದು ಸರ್ವರ್ ಇಷ್ಟು ಜನರನ್ನು ಒಟ್ಟಿಗೆ ನಿಭಾಯಿಸುವುದು ಹೇಗೆ?

2009ರ ನವೆಂಬರಿನಲ್ಲಿ ಬರ್ಲಿನ್‌ನ ಜೆಎಸ್‌ಕಾನ್ಫ್ ಸಮ್ಮೇಳನದಲ್ಲಿ ರಯಾನ್ ಡಾಲ್ ಇದಕ್ಕೊಂದು ಉತ್ತರ ಮುಂದಿಟ್ಟರು. ಅವರು ತೋರಿಸಿದ ಲೆಕ್ಕದಂತೆ, ಮೆಮೊರಿಯಿಂದ ಮಾಹಿತಿ ತರಲು ಪ್ರೊಸೆಸರಿನ 250 ಸೈಕಲ್ ಸಾಕು. ಡಿಸ್ಕಿನಿಂದ ತರಲು 4.1 ಕೋಟಿ, ನೆಟ್‌ವರ್ಕಿನಿಂದ 24 ಕೋಟಿ ಬೇಕು. ಅಷ್ಟು ಹೊತ್ತು ಸುಮ್ಮನೆ ಕಾಯದೆ ಬೇರೆ ಕೆಲಸ ನೋಡುವಂತೆ ಅವರು ರೂಪಿಸಿದ್ದೇ ನೋಡ್.ಜೆಎಸ್. ಹೆಚ್ಚಾಗಿ ಬ್ರೌಸರಿನಲ್ಲೇ ಬಳಕೆಯಲ್ಲಿದ್ದ ಜಾವಾಸ್ಕ್ರಿಪ್ಟ್ ಹೀಗೆ ಸರ್ವರುಗಳಿಗೂ ಹಬ್ಬಿತು.

ನೋಡ್ ನಮ್ಮ ಕೋಡನ್ನು ಒಂದೇ ಥ್ರೆಡ್‌ನಲ್ಲಿ ನಡೆಸುವುದರಿಂದ ಒಮ್ಮೆಗೆ ಒಬ್ಬರನ್ನಷ್ಟೇ ನೋಡಿಕೊಳ್ಳಬಲ್ಲದು ಎಂದು ಹಲವರು ಅಂದುಕೊಳ್ಳುತ್ತಾರೆ. ಅದು ತಪ್ಪು. ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನ ಸಪ್ಲೈಯರ್ ಆರ್ಡರನ್ನು ಅಡುಗೆಮನೆಗೆ ಹೇಳಿ, ಇಡ್ಲಿ ಬೇಯುವವರೆಗೆ ಅಲ್ಲೇ ನಿಲ್ಲುವುದಿಲ್ಲ. ಮುಂದಿನ ಟೇಬಲ್ಲಿಗೆ ಹೋಗುತ್ತಾನೆ. ನೋಡ್ ಮಾಡುವುದೂ ಅದನ್ನೇ.

ಆದರೆ ಅವನೇ ಹಿಟ್ಟು ರುಬ್ಬಲು ಕೂತರೆ? ಎಲ್ಲ ಟೇಬಲ್ಲಿನವರೂ ಕಾಯಬೇಕು. ಭಾರೀ ಲೆಕ್ಕಾಚಾರ ಬಂದಾಗ ನೋಡ್‌ಗೂ ಇದೇ ಪಾಡು. ಅಂಥ ಕೆಲಸವನ್ನು ಬೇರೆ ಥ್ರೆಡ್‌ಗೆ ಒಪ್ಪಿಸಬೇಕು.

2018ರಲ್ಲಿ ಅದೇ ಸಮ್ಮೇಳನದಲ್ಲಿ ಡಾಲ್, ನೋಡ್ ಬಗ್ಗೆ ತಮಗಿರುವ ವಿಷಾದಗಳನ್ನು ಪಟ್ಟಿ ಮಾಡಿದರು. ಅನುಮತಿ ಕೇಳದೆಯೇ ಪ್ರೋಗ್ರಾಮುಗಳು ಫೈಲು, ನೆಟ್‌ವರ್ಕ್ ಮುಟ್ಟಬಲ್ಲವು ಎಂಬುದು ಅದರಲ್ಲೊಂದು. ಮೊದಲು ಅನುಮತಿ ಬೇಡುವ ಡೆನೊವನ್ನು ಅವರು ಪರಿಚಯಿಸಿದ್ದೂ ಅದೇ ಭಾಷಣದಲ್ಲಿ.