ಹಸ್ತಪ್ರತಿ ಸೂಚಿಯ ಜಾಲತಾಣ: ದತ್ತಸಂಚಯದ ಸಂಪರ್ಕದೋಷಗಳು ಮತ್ತು ಪರಿಹಾರ

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಂಪಾದಿಸಿದ ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಅಂತಹ ಮುದ್ರಿತ ಸೂಚಿಯನ್ನು ನೋಡಲು ಬೆಳಕೊಂದಿದ್ದರೆ ಸಾಕು. ಇಂದಿನ ಗಣಕಸೂಚಿಯ ಸ್ಥಿತಿ ಬೇರೆ. ಯಾದಗಿರಿ ಜಿಲ್ಲೆಯ ಕಡೇಚೂರಿನಂತಹ ಊರಿನಲ್ಲಿ ಕುಳಿತ ಅಭ್ಯಾಸಿಯು ಮೂಡಬಿದಿರೆಯ ಓಲೆಕಟ್ಟಿನ ವಿವರವನ್ನು ಕ್ಷಣದಲ್ಲಿ ಕಾಣಬಹುದಾದರೂ, ಒಮ್ಮೊಮ್ಮೆ ವಿವರದ ಬದಲು ‘ದತ್ತಸಂಚಯದೊಡನೆ ಸಂಪರ್ಕ ಏರ್ಪಡಲಿಲ್ಲ’ ಎಂಬ ಅರ್ಥದ ಒಂದೇ ಸಾಲು ಎದುರಾಗುತ್ತದೆ. ಸೂಚಿಯೇ ನಷ್ಟವಾಯಿತೆಂದು ಇದರಿಂದ ಭಾವಿಸಬೇಕಾಗಿಲ್ಲ.

ಜಾಲತಾಣದ ಪುಟವು ಭಂಡಾರದ ವಾಚನಾಲಯವಿದ್ದಂತೆ. ದತ್ತಸಂಚಯ, ಅಂದರೆ ಡೇಟಾಬೇಸ್, ಓಲೆಕಟ್ಟುಗಳಿರುವ ಒಳಕೋಣೆಯಿದ್ದಂತೆ. ಒಳಕೋಣೆಯನ್ನು ಪ್ರವೇಶಿಸಲು ಪುಟಕ್ಕೆ ಐದು ಸಂಗತಿಗಳು ತಿಳಿದಿರಬೇಕು: ಆತಿಥೇಯ ಗಣಕದ ವಿಳಾಸ, ದ್ವಾರಸಂಖ್ಯೆ, ಬಳಕೆದಾರನ ಹೆಸರು, ಗುಪ್ತಪದ, ದತ್ತಸಂಚಯದ ಹೆಸರು. ಅನೇಕ ಸೂಚಿಗಳಿಗೆ ಆಧಾರವಾಗಿರುವ ಮೈಎಸ್‌ಕ್ಯುಎಲ್ ವ್ಯವಸ್ಥೆಯಲ್ಲಿ ರೂಢಿಯ ದ್ವಾರಸಂಖ್ಯೆ 3306. ಈ ಐದರಲ್ಲಿ ಒಂದು ತಪ್ಪಿದರೂ ಬಾಗಿಲು ತೆರೆಯದು. ಆದರೆ ಒಳಗಿನ ಕಟ್ಟುಗಳು ಯಥಾಸ್ಥಿತಿಯಲ್ಲಿರುತ್ತವೆ.

ದೋಷದ ಮೂಲವನ್ನು ದೋಷಸಂಖ್ಯೆಯೇ ಸೂಚಿಸುತ್ತದೆ. 2002 ಅಥವಾ 2003 ಕಂಡರೆ ದತ್ತಸಂಚಯದ ಸರ್ವರ್ ನಿಂತಿದೆ, ಇಲ್ಲವೆ ವಿಳಾಸವೋ ದ್ವಾರಸಂಖ್ಯೆಯೋ ತಪ್ಪಿದೆ. ಡಿಸ್ಕಿನಲ್ಲಿ ಸ್ಥಳ ಮುಗಿದಾಗಲೂ ಸರ್ವರ್ ನಿಲ್ಲುವುದುಂಟು; ಆದಕಾರಣ ಮರುಚಾಲನೆಗೆ ಮೊದಲು ಅದರ ದೋಷದಿನಚರಿಯನ್ನು ಓದುವುದು ಯುಕ್ತ. 1045 ಬಂದರೆ ಹೆಸರು ಅಥವಾ ಗುಪ್ತಪದ ಒಪ್ಪಿತವಾಗಿಲ್ಲ. 1049 ಎಂದರೆ ಆ ಹೆಸರಿನ ದತ್ತಸಂಚಯ ಅಲ್ಲಿಲ್ಲ. ಜಾಲತಾಣವನ್ನು ಹೊಸ ಗಣಕಕ್ಕೆ ಸಾಗಿಸಿದಾಗ ಇದು ಸಾಮಾನ್ಯ. 1040 ಎಂದರೆ ಏಕಕಾಲದ ಸಂಪರ್ಕಗಳು ಮಿತಿಮೀರಿವೆ. ಮೂಲ ನಿಯಮದಲ್ಲಿ ಈ ಮಿತಿ 151. ಮಿತಿಯನ್ನು ಏರಿಸುವುದಷ್ಟೇ ಚಿಕಿತ್ಸೆಯಲ್ಲ. ತೆರೆದ ಸಂಪರ್ಕವನ್ನು ಮುಚ್ಚದೆ ಬಿಡುವ ಕ್ರಮವಿಧಿ ಯಾವುದೆಂದು ಕಂಡುಹಿಡಿಯಬೇಕು.

ಸಂಪರ್ಕ ಏರ್ಪಟ್ಟ ಮೇಲೂ ಕನ್ನಡ ಅಕ್ಷರಗಳ ಸ್ಥಾನದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ತೋರುವುದು ಇನ್ನೊಂದು ದೋಷ. ಸಂಪರ್ಕದ ಅಕ್ಷರಸಂಕೇತ ಭಿನ್ನವಾಗಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಈ ಸ್ಥಿತಿಯಲ್ಲಿ ದಾಖಲೆಯನ್ನು ತಿದ್ದಿ ಉಳಿಸಿದರೆ ಪ್ರಶ್ನಾರ್ಥಕಗಳೇ ಸ್ಥಿರವಾಗಿ, ಮೂಲಾಕ್ಷರಗಳು ಅಳಿಯುತ್ತವೆ. ಕನ್ನಡದ ಒಂದೊಂದು ಸಂಕೇತಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟುಗಳು ಸಾಕು. 2024ರಲ್ಲಿ ಯೂನಿಕೋಡಿಗೆ ಸೇರಿದ ತುಳು-ತಿಗಳಾರಿ ಲಿಪಿಗೆ ನಾಲ್ಕು ಬೇಕು. ಆದುದರಿಂದ ತಿಗಳಾರಿ ಪಾಠಗಳನ್ನು ಅದೇ ಲಿಪಿಯಲ್ಲಿ ದಾಖಲಿಸುವ ಸೂಚಿಗೆ ಯುಟಿಎಫ್8-ಎಂಬಿ4 ಎಂಬ ಸಂಕೇತವೇ ಅಗತ್ಯ.

ಎಲ್ಲಕ್ಕಿಂತ ಮುಖ್ಯವಾದುದು ಅವಸರದ ತಿದ್ದುಪಡಿಯಿಂದಾಗುವ ಹಾನಿ. ಸಂಪರ್ಕ ತಪ್ಪಿತೆಂದು ಇಡೀ ವ್ಯವಸ್ಥೆಯನ್ನು ಅಳಿಸಿ ಹೊಸದಾಗಿ ಸ್ಥಾಪಿಸಿದರೆ, ಕೇವಲ ಬೀಗ ಕೆಟ್ಟ ಭಂಡಾರವನ್ನು ಕೆಡವಿದಂತಾಗುತ್ತದೆ. ಹಿರಿಯ ಪಂಡಿತರು ಓಲೆಯನ್ನು ಕಣ್ಣಾರೆ ನೋಡಿ ದಾಖಲಿಸಿದ ಪುಷ್ಪಿಕೆ, ತ್ರುಟಿತ ಗರಿಗಳ ಲೆಕ್ಕ, ಪಾಠಾಂತರ ಇವನ್ನು ಮತ್ತೆ ಬರೆಸಲು ಅವರೇ ಇಲ್ಲದಿರಬಹುದು. ಆ ಗರಿಯೂ ಅಷ್ಟರಲ್ಲಿ ಮುರಿದಿರಬಹುದು. ಆದ್ದರಿಂದ ಯಾವ ಪ್ರಯೋಗಕ್ಕೂ ಮೊದಲು ಪ್ರತಿ ತೆಗೆಯತಕ್ಕದ್ದು. ಸರ್ವರ್ ನಡೆಯುತ್ತಿದ್ದರೆ ಮೈಎಸ್‌ಕ್ಯುಎಲ್‌ಡಂಪ್ ಸಾಧನದಿಂದ, ನಿಂತಿದ್ದರೆ ದತ್ತಾಂಶದ ಕಡತಕೋಶವನ್ನೇ ಸಮಗ್ರವಾಗಿ ಬೇರೆಡೆಗೆ ನಕಲಿಸಬೇಕು.

ಜೈನಪರಂಪರೆಗೆ ಈ ವಿವೇಕ ಹೊಸದಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಲಾದ ಓಲೆಗಳಿಂದ ಪ್ರತಿಗಳಾದುದರಿಂದಲೇ 1939ರಿಂದ ಅದರ ಮುದ್ರಣ ಸಾಧ್ಯವಾಯಿತು. ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಪೂಜಿಸುವ ಸಂಪ್ರದಾಯವಿದೆ. ಅದೇ ದಿನ ದತ್ತಸಂಚಯದ ಪ್ರತಿಯನ್ನೂ ಮತ್ತೊಂದು ಗಣಕದಲ್ಲಿ ತೆರೆದು, ಕೆಲವು ದಾಖಲೆಗಳನ್ನು ಮೂಲದೊಡನೆ ಹೋಲಿಸಿ ನೋಡುವುದು ಉಚಿತ. ತೆರೆದು ಪರೀಕ್ಷಿಸದ ಪ್ರತಿಯು, ಕಟ್ಟು ಬಿಚ್ಚದೆ ಇಟ್ಟ ಓಲೆಯಂತೆ, ಒಳಗೆ ಹುಳು ಹಿಡಿದಿದ್ದರೂ ತಿಳಿಯದು.